ಕನ್ನಡಿ ಮೇಲೇಳುವಷ್ಟರಲ್ಲಿ

ನಿಕಾನ್ ಡಿ3100 ಕ್ಯಾಮೆರಾದ ಲೆನ್ಸನ್ನು ತಿರುಗಿಸಿ ಬಿಚ್ಚಿ ಒಳಗೆ ಇಣುಕಿದರೆ ಮೊದಲು ಕಾಣುವುದು 45 ಡಿಗ್ರಿ ಓರೆಯಾಗಿ ನಿಂತ ಒಂದು ಪುಟ್ಟ ಕನ್ನಡಿ. ಲೆನ್ಸಿನ ಮೂಲಕ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಅಲ್ಲಿ ಮಬ್ಬು ಗಾಜಿನಂಥ ಪರದೆಯ ಮೇಲೆ ಬಿಂಬ ಮೂಡುತ್ತದೆ, ಇನ್ನಷ್ಟು ಕನ್ನಡಿಗಳನ್ನು ಜೋಡಿಸಿ ಮಾಡಿದ ಗೂಡೊಂದು ಆ ಬಿಂಬವನ್ನು ನೆಟ್ಟಗೆ ಮಾಡಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಮಡಚಿಕೊಂಡು ಮೆತ್ತನೆಯ ಪಟ್ಟಿಯೊಂದಕ್ಕೆ ಬಡಿದು ನಿಲ್ಲುತ್ತದೆ, ಅದರ ಹಿಂದಿನ ಶಟರ್ ಪರದೆಗಳು ಸರಿದು, ಬೆಳಕನ್ನು ಚಿತ್ರವಾಗಿ ದಾಖಲಿಸುವ ಸೆನ್ಸರಿಗೆ ಬೆಳಕು ಬೀಳುತ್ತದೆ, ಪರದೆಗಳು ಮುಚ್ಚುತ್ತವೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಡಿಎಸ್‌ಎಲ್‌ಆರ್ (ಹೀಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಬಳಸಿದವರಿಗೆಲ್ಲ ಚಿರಪರಿಚಿತವಾದ ಆ 'ಖಟಕ್' ಸದ್ದು ಇಷ್ಟೂ ಚಲನೆಗಳ ಒಟ್ಟು ಸದ್ದು.

ಅದೇ ಕಂಪನಿ 2021ರಲ್ಲಿ ಪ್ರಕಟಿಸಿದ ಝಡ್ 9 ಎಂಬ ವೃತ್ತಿಪರರ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿ ಇಲ್ಲ, ಚಲಿಸುವ ಶಟರ್ ಪರದೆಗಳೂ ಇಲ್ಲ. ಕ್ಯಾಮೆರಾ ಆಫ್ ಮಾಡಿದಾಗ ದೂಳು ಬೀಳದಂತೆ ಸೆನ್ಸರಿನ ಮುಂದೆ ಬಂದು ನಿಲ್ಲುವ ಒಂದು ತೆಳು ಕವಚ ಇದೆ, ಅಷ್ಟೇ. ಚಿತ್ರ ತೆಗೆಯುವಾಗ ಕೇಳುವ ಶಟರ್ ಸದ್ದು ಒಳಗಿನ ಸ್ಪೀಕರಿನಿಂದ ಬರುವಂಥದು; ಬೇಡವೆಂದರೆ ಅದನ್ನು ನಿಲ್ಲಿಸಿಬಿಡಬಹುದು.

2010ರ ಡಿ3100 ಹೊಸಬರಿಗಾಗಿ ಮಾಡಿದ ಕ್ಯಾಮೆರಾ. ಅದನ್ನು ವೃತ್ತಿಪರರ ಝಡ್ 9ರ ಪಕ್ಕದಲ್ಲಿಟ್ಟು ಯಾವುದು ಮೇಲು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಹೊಸದು ಯಾವ ವಿಷಯದಲ್ಲಿ ಮೇಲು, ಯಾವ ವಿಷಯದಲ್ಲಿ ನಾವು ಊಹಿಸಿದಷ್ಟು ಮೇಲಲ್ಲ ಎಂಬುದು ಕೇಳಬೇಕಾದ ಪ್ರಶ್ನೆ. ಚಿತ್ರದ ಚೆಲುವಿನಲ್ಲಿಯೇ ಅಗಾಧ ವ್ಯತ್ಯಾಸವಿರುತ್ತದೆಂದು ಬಹಳ ಜನ ನಂಬಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ಎರಡು ಕ್ಯಾಮೆರಾಗಳ ನಡುವಿನ ನಿಜವಾದ ಅಂತರ ಅವು ಕಾಲವನ್ನು ನಿಭಾಯಿಸುವ ಬಗೆಯಲ್ಲಿದೆ.

ಮೊದಲು ಚಿತ್ರದ ಮಾತನ್ನೇ ಮುಗಿಸೋಣ. ಹಳೆಯದರಲ್ಲಿ 14.2 ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿ), ಹೊಸದರಲ್ಲಿ 45.7. ಮೂರು ಪಟ್ಟಿಗೂ ಹೆಚ್ಚು ಎಂದು ಕೇಳಿದಾಗ ದೊಡ್ಡದೆನಿಸುತ್ತದೆ, ಆದರೆ ಮೆಗಾಪಿಕ್ಸೆಲ್ ಎಂಬುದು ಉದ್ದ ಅಗಲಗಳ ಗುಣಲಬ್ಧ. ಚಿತ್ರದ ಉದ್ದಕ್ಕೆ ಎಣಿಸಿದರೆ ಒಂದರಲ್ಲಿ 4,608 ಪಿಕ್ಸೆಲ್, ಇನ್ನೊಂದರಲ್ಲಿ 8,256. ಅಂದರೆ ವಿವರ ಹೆಚ್ಚುವುದು 1.8 ಪಟ್ಟು ಮಾತ್ರ. ಇಂಚಿಗೆ 300 ಚುಕ್ಕಿಗಳಂತೆ ಮುದ್ರಿಸಿದರೆ ಹಳೆಯ ಕ್ಯಾಮೆರಾದ ಚಿತ್ರವೂ ಹದಿನೈದು ಇಂಚು ಉದ್ದ, ಹತ್ತು ಇಂಚು ಅಗಲಕ್ಕೆ, ಹೆಚ್ಚುಕಡಿಮೆ ಎ3 ಹಾಳೆಯ ಹತ್ತಿರಕ್ಕೆ ಬರುತ್ತದೆ. 4ಕೆ ಪರದೆಯೊಂದರಲ್ಲಿ ಇರುವುದೇ 8.3 ಮೆಗಾಪಿಕ್ಸೆಲ್. ಒಳ್ಳೆಯ ಬಿಸಿಲಿನಲ್ಲಿ, ಟ್ರೈಪಾಡಿನ ಮೇಲೆ, ಕದಲದ ಬಂಡೆಯನ್ನೋ ಕಟ್ಟಡವನ್ನೋ ಸಾಧಾರಣ ಬೆಳಕಿಂಡಿಯಲ್ಲಿ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ, ಅಪರ್ಚರ್) ತೆಗೆದ ಎರಡು ಚಿತ್ರಗಳನ್ನು ಆ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದರದೆಂದು ಹೇಳುವುದು ಅನುಭವಿಗಳಿಗೂ ಸುಲಭವಲ್ಲ.

ಬೆಳಕು ಕಡಿಮೆಯಾದಾಗ ಕಥೆ ಬದಲಾಗುತ್ತದೆ. ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕಾಗಿದೆ. ಹೊಸ ಕ್ಯಾಮೆರಾದ ಪಿಕ್ಸೆಲ್‌ಗಳು ದೊಡ್ಡವು, ಆದ್ದರಿಂದ ಅದು ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಡಿ3100ರ ಒಂದೊಂದು ಪಿಕ್ಸೆಲ್ ಸುಮಾರು 5 ಮೈಕ್ರೋಮೀಟರ್ ಅಗಲವಿದೆ, ಝಡ್ 9ರದು ಸುಮಾರು 4.35 ಮೈಕ್ರೋಮೀಟರ್. ಅಂದರೆ ಹಳೆಯದರ ಪಿಕ್ಸೆಲ್ಲೇ ದೊಡ್ಡದು. ಆದರೆ ಹೊಸದರ ಸೆನ್ಸರ್ ಒಟ್ಟಾರೆ ಸುಮಾರು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲದ ಫುಲ್ ಫ್ರೇಮ್, ಹಳೆಯದರದು 23.1 ಮತ್ತು 15.4 ಮಿ.ಮೀ. ವಿಸ್ತೀರ್ಣದಲ್ಲಿ ಸುಮಾರು 2.4 ಪಟ್ಟು ವ್ಯತ್ಯಾಸ. ಒಂದೇ ಬೆಳಕಿಂಡಿ, ಒಂದೇ ಶಟರ್ ವೇಗವಿದ್ದರೆ ಇಡೀ ಚಿತ್ರಕ್ಕೆ ಸೇರುವ ಬೆಳಕೂ ಅಷ್ಟೇ ಪಟ್ಟು ಹೆಚ್ಚು.

ಬೆಳಕು ಹೆಚ್ಚಿದರೆ ಚಿತ್ರ ನಯವಾಗುವುದೇಕೆ? ಬೆಳಕು ಬರುವುದು ಫೋಟಾನ್ ಎಂಬ ಬಿಡಿ ಬಿಡಿ ಕಣಗಳಾಗಿ, ಮತ್ತು ಅವು ಬರುವುದಕ್ಕೆ ಯಾವ ಶಿಸ್ತೂ ಇಲ್ಲ. ಸರಾಸರಿ 100 ಫೋಟಾನ್ ಬೀಳಬೇಕಾದ ಜಾಗದಲ್ಲಿ ಒಮ್ಮೆ 92, ಇನ್ನೊಮ್ಮೆ 109 ಬೀಳುತ್ತವೆ. ಈ ಏರುಪೇರಿನ ಪ್ರಮಾಣ ಎಣಿಕೆಯ ವರ್ಗಮೂಲದಷ್ಟು: 100ಕ್ಕೆ 10, ಅಂದರೆ ಶೇಕಡಾ 10, 10,000ಕ್ಕೆ 100, ಅಂದರೆ ಶೇಕಡಾ 1. ಕತ್ತಲಲ್ಲಿ ತೆಗೆದ ಚಿತ್ರ ಮರಳು ಮರಳಾಗಿ ಕಾಣುವುದಕ್ಕೆ ಮುಖ್ಯ ಕಾರಣ ಬೆಳಕಿನ ಈ ಸ್ವಭಾವವೇ. ಯಾವ ಕಂಪನಿಯ ಯಾವ ಸೆನ್ಸರೂ ಇದನ್ನು ಮೀರಲಾರದು. 2.4ರ ವರ್ಗಮೂಲ ಸುಮಾರು 1.55. ದೊಡ್ಡ ಸೆನ್ಸರಿನಿಂದಲೇ ದಕ್ಕುವ ಲಾಭ ಇಷ್ಟು.

ಇದರ ಪಕ್ಕದಲ್ಲಿ ಲೆನ್ಸಿನ ಲೆಕ್ಕವನ್ನೂ ಇಟ್ಟು ನೋಡಬೇಕು. ಹೊಸಬರ ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸಿನ ಬೆಳಕಿಂಡಿ 55 ಮಿ.ಮೀ.ನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ನಂತರದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎಫ್/1.8ರ ಲೆನ್ಸೊಂದನ್ನು ಅದರ ಜಾಗದಲ್ಲಿ ಹಾಕಿದರೆ ಸೆನ್ಸರಿನ ಮೇಲೆ ಬೀಳುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಸೆನ್ಸರ್ ಬದಲಿಸಿದರೆ 2.4 ಪಟ್ಟು, ಲೆನ್ಸ್ ಬದಲಿಸಿದರೆ ಹತ್ತು ಪಟ್ಟು! ಹಳೆಯ ಕ್ಯಾಮೆರಾ ಇಟ್ಟುಕೊಂಡು ಸಂಜೆಯ ಚಿತ್ರಗಳು ಸರಿಬರುತ್ತಿಲ್ಲವೆಂದು ಬೇಸರಪಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ದಾಖಲೆಯ ಸೂಕ್ಷ್ಮತೆಯಲ್ಲಿಯೂ ಹೊಸದು ಮುಂದಿದೆ. ಡಿ3100 ತನ್ನ ರಾ ಕಡತದಲ್ಲಿ (ಸಂಸ್ಕರಿಸದ ಮೂಲ ದಾಖಲೆಯಲ್ಲಿ) ಪ್ರತಿ ಪಿಕ್ಸೆಲ್ಲಿನ ಬೆಳಕನ್ನು 12 ಬಿಟ್‌ಗಳಲ್ಲಿ ಬರೆದಿಡುತ್ತದೆ, ಝಡ್ 9 14 ಬಿಟ್‌ಗಳಲ್ಲಿ. ಸೆನ್ಸರಿನಿಂದ ಸಂಕೇತವನ್ನು ಓದುವಾಗ ಸೇರಿಕೊಳ್ಳುವ ಗದ್ದಲವೂ ಕಡಿಮೆಯಾಗಿರುವುದರಿಂದ, ನೆರಳಿನಲ್ಲಿ ಅಡಗಿದ ಭಾಗವನ್ನು ಆಮೇಲೆ ಬೆಳಗಿಸಿದರೂ ಅಲ್ಲಿ ಬಣ್ಣ ಉಳಿದಿರುತ್ತದೆ.

ಈಗ ಕಾಲದ ಮಾತು. ಹಳೆಯ ಕ್ಯಾಮೆರಾ ಸೆಕೆಂಡಿಗೆ ಮೂರು ಚಿತ್ರ ತೆಗೆಯುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುವ ಹಕ್ಕಿಯೊಂದು ಎರಡು ಚಿತ್ರಗಳ ನಡುವೆ ಮೂರು ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಝಡ್ 9 ರಾ ಕಡತಗಳನ್ನು ಸೆಕೆಂಡಿಗೆ 20ರಂತೆ ಬರೆಯುತ್ತದೆ. ಆಗ ಆ ಅಂತರ ಅರ್ಧ ಮೀಟರ್. ಗಾತ್ರವನ್ನು 11 ಮೆಗಾಪಿಕ್ಸೆಲ್‌ಗೆ ಇಳಿಸಿಕೊಂಡರೆ ಸೆಕೆಂಡಿಗೆ 120 ಚಿತ್ರ, ಅಂತರ ಎಂಟು ಸೆಂಟಿಮೀಟರ್. ರೆಕ್ಕೆಯ ಒಂದೇ ಬಡಿತದೊಳಗೆ ಹಲವು ಚಿತ್ರಗಳು ಸಿಗುತ್ತವೆ.

ಕನ್ನಡಿಯನ್ನು ತೆಗೆದ ಮಾತ್ರಕ್ಕೆ ಇದು ಸಾಧ್ಯವಾಗಲಿಲ್ಲ. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂದಾಗಲೇ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಇತ್ತು, ಆದರೆ ಓಟದ ಪಂದ್ಯದಲ್ಲಿ ಡಿಎಸ್‌ಎಲ್‌ಆರ್‌ಗಳ ಜಾಗವನ್ನು ಅದು ತುಂಬಲಿಲ್ಲ. ತೊಡಕು ಇದ್ದದ್ದು ಸೆನ್ಸರನ್ನು ಓದುವ ವೇಗದಲ್ಲಿ. 45.7 ಮೆಗಾಪಿಕ್ಸೆಲ್ಲಿನ ಪ್ರತಿ ಪಿಕ್ಸೆಲ್ಲಿಗೂ 14 ಬಿಟ್, ಸೆಕೆಂಡಿಗೆ 20 ಸಲ ಎಂದರೆ, ಕುಗ್ಗಿಸುವ ಮೊದಲು ಸುಮಾರು 1.6 ಗಿಗಾಬೈಟ್ ಮಾಹಿತಿ ಪ್ರತಿ ಸೆಕೆಂಡಿಗೂ ಹೊರಬರಬೇಕು. ಡಿ3100ರ ಲೆಕ್ಕ ಇದರ ಇಪ್ಪತ್ತೈದನೆಯ ಒಂದು ಭಾಗ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಸೆನ್ಸರನ್ನು ಪದರ ಪದರವಾಗಿ ಕಟ್ಟುವುದು. ಮೇಲಿನ ಪದರದಲ್ಲಿ ಬೆಳಕು ಹಿಡಿಯುವ ಪಿಕ್ಸೆಲ್‌ಗಳು. ಅದರ ಬೆನ್ನಿಗೇ ಅಂಟಿದ ಕೆಳಗಿನ ಪದರದಲ್ಲಿ ಸಂಕೇತವನ್ನು ಅಂಕಿಗಳಾಗಿ ಮಾಡುವ ಮಂಡಲಗಳು ಮತ್ತು ಅವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಮೃತಿ. ಮಾಹಿತಿ ಚಿಪ್ಪಿನ ಅಂಚಿನವರೆಗೆ ಓಡಬೇಕಾಗಿಲ್ಲ, ಇದ್ದಲ್ಲಿಂದಲೇ ಕೆಳಗಿಳಿಯುತ್ತದೆ. ಫುಲ್ ಫ್ರೇಮ್ ಗಾತ್ರದಲ್ಲಿ ಇಂಥ ಸೆನ್ಸರನ್ನು ಮೊದಲು ತಂದದ್ದು 2017ರ ಸೋನಿ ಎ9.

ಝಡ್ 9ರ ಸೆನ್ಸರನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಲು ತಗಲುವುದು ನಾಲ್ಕು ಮಿಲಿಸೆಕೆಂಡುಗಳ ಆಸುಪಾಸು. ಇದು ಯಾಂತ್ರಿಕ ಶಟರಿನ ಪರದೆ ಸೆನ್ಸರನ್ನು ದಾಟಲು ತೆಗೆದುಕೊಳ್ಳುವ ಕಾಲಕ್ಕೆ ಹೆಚ್ಚುಕಡಿಮೆ ಸಮ. ಆದ್ದರಿಂದಲೇ ಪರದೆಗಳನ್ನು ಕಿತ್ತುಹಾಕುವ ಧೈರ್ಯ ಬಂತು. ಓದು ಇದಕ್ಕಿಂತ ನಿಧಾನವಾಗಿದ್ದರೆ ತಿರುಗುವ ಫ್ಯಾನಿನ ರೆಕ್ಕೆಗಳು ಬಾಳೆಹಣ್ಣಿನಂತೆ ಬಾಗಿ ಕಾಣುತ್ತಿದ್ದವು, ಏಕೆಂದರೆ ಮೇಲಿನ ಸಾಲು ಓದಿದ ಗಳಿಗೆಯೇ ಬೇರೆ, ಕೆಳಗಿನ ಸಾಲು ಓದಿದ ಗಳಿಗೆಯೇ ಬೇರೆ. 2023ರಲ್ಲಿ ಪ್ರಕಟವಾದ ಸೋನಿ ಎ9 3 ಎಲ್ಲ ಪಿಕ್ಸೆಲ್‌ಗಳನ್ನೂ ಒಂದೇ ಗಳಿಗೆಯಲ್ಲಿ ಹಿಡಿದು ಈ ಸಮಸ್ಯೆಯನ್ನೇ ಇಲ್ಲವಾಗಿಸಿತು. ಆದರೆ ಅದರ ಕನಿಷ್ಠ ಸಹಜ ಐಎಸ್ಓ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆಯ ಅಳತೆ) 250ಕ್ಕೆ ಏರಿದೆ, ಅಂದರೆ ಆ ಅನುಕೂಲವೂ ಪುಕ್ಕಟೆಯಾಗಿ ಬಂದಿಲ್ಲ.

ಫೋಕಸ್ ವಿಷಯದಲ್ಲಿ ಕನ್ನಡಿಯ ಪಾತ್ರ ವಿಚಿತ್ರವಾದದ್ದು. ಡಿಎಸ್‌ಎಲ್‌ಆರ್‌ನ ಮುಖ್ಯ ಕನ್ನಡಿಯ ನಡುಭಾಗ ಸ್ವಲ್ಪ ಪಾರದರ್ಶಕ. ಅದರ ಮೂಲಕ ನುಸುಳಿದ ಬೆಳಕನ್ನು ಹಿಂದಿನ ಇನ್ನೊಂದು ಚಿಕ್ಕ ಕನ್ನಡಿ ಕ್ಯಾಮೆರಾದ ತಳದಲ್ಲಿರುವ ಪ್ರತ್ಯೇಕ ಫೋಕಸ್ ಸೆನ್ಸರಿಗೆ ಕಳಿಸುತ್ತದೆ. ಲೆನ್ಸಿನ ಎರಡು ಬದಿಗಳಿಂದ ಬಂದ ಬಿಂಬಗಳು ಎಷ್ಟು ಸರಿದಿವೆ ಎಂದು ಅಳೆದು, ಲೆನ್ಸನ್ನು ಯಾವ ಕಡೆಗೆ ಎಷ್ಟು ತಿರುಗಿಸಬೇಕೆಂದು ಅದು ಒಂದೇ ಏಟಿಗೆ ಹೇಳಿಬಿಡುತ್ತದೆ. ಈ ವಿಧಾನ ಬಹಳ ವೇಗವಾದದ್ದು. ಆದರೆ ಫೋಕಸ್ ಅಳೆಯುವ ಜಾಗ ಒಂದು, ಚಿತ್ರ ಮೂಡುವ ಜಾಗ ಇನ್ನೊಂದು. ಎರಡರ ದೂರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಣ್ಣಿಗೆ ಹಿಡಿದ ಫೋಕಸ್ ಕಿವಿಗೆ ಹೋಗಿ ಕೂರುತ್ತದೆ. ಮೇಲಾಗಿ ಕನ್ನಡಿ ಎದ್ದಿರುವಷ್ಟು ಹೊತ್ತು ಫೋಕಸ್ ಸೆನ್ಸರಿಗೆ ಏನೂ ಕಾಣುವುದಿಲ್ಲ. ಡಿ3100ರಲ್ಲಿ ಇಂಥ ಅಳತೆಗೆ ಇದ್ದದ್ದು 11 ಬಿಂದುಗಳು, ಅಡ್ಡ ಮತ್ತು ಲಂಬ ಗೆರೆಗಳೆರಡನ್ನೂ ಗುರುತಿಸಬಲ್ಲದ್ದು ನಡುವಿನ ಒಂದು ಮಾತ್ರ.

ಹೊಸ ಕ್ಯಾಮೆರಾ ಇದೇ ತತ್ತ್ವವನ್ನು ಚಿತ್ರ ತೆಗೆಯುವ ಸೆನ್ಸರಿನ ಮೇಲೆಯೇ ನಡೆಸುತ್ತದೆ. 493 ಬಿಂದುಗಳು ಚೌಕಟ್ಟಿನ ಬಹುಭಾಗವನ್ನು ಆವರಿಸಿವೆ, ಲೆಕ್ಕಾಚಾರ ಸೆಕೆಂಡಿಗೆ 120 ಸಲದವರೆಗೆ ನಡೆಯುತ್ತದೆ. ಯಂತ್ರಕಲಿಕೆಯಿಂದ ಪಡೆದ ತಿಳಿವಳಿಕೆಯಲ್ಲಿ ಅದು ಮನುಷ್ಯ, ನಾಯಿ, ಬೆಕ್ಕು, ಹಕ್ಕಿ, ರೈಲು, ವಿಮಾನಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಕಣ್ಣಿದ್ದಲ್ಲಿ ಕಣ್ಣನ್ನೇ ಬೆನ್ನಟ್ಟುತ್ತದೆ. ರೆಂಬೆಗಳ ನಡುವೆ ಕೂತ ಹಕ್ಕಿಯ ಸಾಸಿವೆಯಷ್ಟು ಕಣ್ಣಿನ ಮೇಲೆ ಪುಟ್ಟ ಚೌಕವೊಂದು ಅಂಟಿಕೊಂಡು ನಿಲ್ಲುವುದನ್ನು ಮೊದಲ ಸಲ ನೋಡಿದವರಿಗೆ ನಿಜಕ್ಕೂ ಆಶ್ಚರ್ಯವಾಗುತ್ತದೆ.

ಹಳೆಯದು ಮೇಲುಗೈ ಸಾಧಿಸುವ ಕಡೆಗಳೂ ಇವೆ. ಅದರ ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಕಾಣುವುದು ನೇರ ಬೆಳಕು. ನೋಡುತ್ತಾ ಕೂರಲು ವಿದ್ಯುತ್ತಿನ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಝಡ್ 9ರಲ್ಲಿ ಸೆನ್ಸರ್ ಮತ್ತು ವ್ಯೂಫೈಂಡರಿನೊಳಗಿನ ವಿದ್ಯುನ್ಮಾನ ಪರದೆ ಸದಾ ಎಚ್ಚರವಿರಬೇಕು, ಹಾಗಾಗಿ ನಾಲ್ಕು ಪಟ್ಟಿಗೂ ಹೆಚ್ಚು ಶಕ್ತಿ ತುಂಬಿಕೊಳ್ಳುವ ಬ್ಯಾಟರಿ ಬೇಕಾಗಿದೆ. ಬ್ಯಾಟರಿ ಸೇರಿ ಅದರ ತೂಕ 1,340 ಗ್ರಾಂ, ಡಿ3100ರದು ಅರ್ಧ ಕೆ.ಜಿ.ಯಷ್ಟು. ದಿನವಿಡೀ ಕೊರಳಲ್ಲಿ ನೇತುಹಾಕಿಕೊಂಡು ಬೆಟ್ಟ ಹತ್ತುವವರಿಗೆ ಇದು ಸಣ್ಣ ಮಾತಲ್ಲ.

ಕಾಲದ ಮೇಲಿನ ಹಿಡಿತ ಎಷ್ಟು ದೂರ ಹೋಗಿದೆಯೆಂಬುದಕ್ಕೆ ಮಿಂಚುಳ್ಳಿಯೇ ಸಾಕ್ಷಿ. ಕೊಂಬೆಯ ಮೇಲೆ ಕೂತ ಮಿಂಚುಳ್ಳಿ ಯಾವ ಗಳಿಗೆಯಲ್ಲಿ ನೀರಿಗೆ ಹಾರುತ್ತದೆಂದು ಮುಂಚೆಯೇ ಊಹಿಸುವುದು ಕಷ್ಟ. ಅದು ಹಾರಿದ್ದು ಕಣ್ಣಿಗೆ ಬಿದ್ದು ಬೆರಳು ಗುಂಡಿ ಒತ್ತಲು ನಮಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಹಳೆಯ ಕ್ಯಾಮೆರಾದಲ್ಲಿ ಅದರ ಮೇಲೆ ಕನ್ನಡಿ ಏಳುವ ಹೊತ್ತೂ ಸೇರುತ್ತದೆ, ಚಿತ್ರದಲ್ಲಿ ಉಳಿಯುವುದು ಇನ್ನೂ ತೂಗುತ್ತಿರುವ ಬರಿಯ ಕೊಂಬೆ. ಝಡ್ 9ರ ತಂತ್ರಾಂಶಕ್ಕೆ 2022ರಲ್ಲಿ ಸೇರಿದ ಒಂದು ಸೌಲಭ್ಯದಲ್ಲಿ, ಗುಂಡಿಯನ್ನು ಅರ್ಧ ಒತ್ತಿ ಹಿಡಿದಿರುವಷ್ಟು ಹೊತ್ತು ಕ್ಯಾಮೆರಾ ಚಿತ್ರಗಳನ್ನು ತನ್ನ ಸ್ಮೃತಿಯಲ್ಲಿ ತುಂಬುತ್ತಾ ಹಳೆಯವನ್ನು ಅಳಿಸುತ್ತಾ ಇರುತ್ತದೆ. ಪೂರ್ತಿ ಒತ್ತಿದಾಗ, ಒತ್ತುವುದಕ್ಕೆ ಒಂದು ಸೆಕೆಂಡಿನಷ್ಟು ಹಿಂದಿನಿಂದ ತೆಗೆದ ಚಿತ್ರಗಳನ್ನೂ ಸೇರಿಸಿ ಕಾರ್ಡಿಗೆ ಬರೆಯುತ್ತದೆ. ಕಾಲು ಕೊಂಬೆಯನ್ನು ಬಿಡುವ ಗಳಿಗೆ, ರೆಕ್ಕೆ ಬಿಚ್ಚುವ ಗಳಿಗೆ, ಕೊಕ್ಕು ಕೆಳಮುಖವಾಗುವ ಗಳಿಗೆ, ಮೂರೂ ಅದರಲ್ಲಿ ಸಿಗುತ್ತವೆ. ಒಂದೇ ಕೊರತೆಯೆಂದರೆ ಅವು ಸಿಗುವುದು ರಾ ರೂಪದಲ್ಲಲ್ಲ, ಕುಗ್ಗಿಸಿದ ಜೆಪಿಇಜಿ ರೂಪದಲ್ಲಿ. ನೆರಳಿನಲ್ಲಿದ್ದ ಎದೆಯ ಗರಿಗಳನ್ನು ಆಮೇಲೆ ಬೆಳಗಿಸಹೊರಟರೆ 14 ಬಿಟ್‌ಗಳ ಆ ಅವಕಾಶ ಅಲ್ಲಿರುವುದಿಲ್ಲ.