ಸೀಟು ಸಿಕ್ಕವರ ಲೆಕ್ಕ ಇದೆ, ಸಿಗದವರದು?

ಶುಕ್ರವಾರ ರಾತ್ರಿ ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆ ಹೊರಡುವ ಸರ್ಕಾರಿ ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ. ಖಾಸಗಿ ಸ್ಲೀಪರ್‌ನವರು ಅವತ್ತೇ ರೇಟು ಏರಿಸುತ್ತಾರೆ. ಆದರೂ ಇಡೀ ವರ್ಷದ ಸರಾಸರಿ ತೆಗೆದರೆ ಅವೇ ಸರ್ಕಾರಿ ಬಸ್ಸುಗಳಲ್ಲಿ ಸೀಟು ಖಾಲಿ ಓಡಿದಂತೆ ಕಾಣಬಹುದು. ಎರಡೂ ನಿಜವೇ. ಸರಾಸರಿಯಲ್ಲಿ ಮಂಗಳವಾರದ ಖಾಲಿ ಸೀಟು ಶುಕ್ರವಾರದ ನೂಕುನುಗ್ಗಲನ್ನು ನುಂಗಿಹಾಕುತ್ತದೆ.

ಈ ಭಾಗದ ಸರ್ಕಾರಿ ಬಸ್ಸಿನ ಕಥೆ ಶುರುವಾಗುವುದು ಪುಣೆಯಿಂದಲೇ. 1948ರ ಜೂನ್ 1ರಂದು ಪುಣೆ–ಅಹಮದ್‌ನಗರ ನಡುವೆ ಮೊದಲ ಎಸ್‌ಟಿ (ಸ್ಟೇಟ್ ಟ್ರಾನ್ಸ್‌ಪೋರ್ಟ್, ಅಂದರೆ ಸರ್ಕಾರಿ ಸಾರಿಗೆ) ಬಸ್ ಓಡಿತು. ಆಗ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಎಲ್ಲವೂ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಪುಣೆ–ಬೆಳಗಾವಿ ಅಂದರೆ ಒಂದೇ ರಾಜ್ಯದೊಳಗಿನ ದಾರಿ. 1950ರ ರಸ್ತೆ ಸಾರಿಗೆ ನಿಗಮ ಕಾಯ್ದೆ, ನಿಗಮಗಳು ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಎಂದಿತು. ಬಸ್ಸು ಎಷ್ಟು ತುಂಬಿತು, ಕಿಲೋಮೀಟರಿಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಎನ್ನುವ ಲೆಕ್ಕಕ್ಕೆ ಹೀಗೆ ತೂಕ ಬಂತು.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಅದೇ ರಸ್ತೆ ಅಂತರರಾಜ್ಯ ಮಾರ್ಗವಾಯಿತು. ಯಾವ ರಾಜ್ಯದ ಎಷ್ಟು ಬಸ್ಸು, ಎಷ್ಟು ಟ್ರಿಪ್ ಎನ್ನುವುದು ಎರಡು ಸರ್ಕಾರಗಳ ಒಪ್ಪಂದಕ್ಕೆ ಬಿದ್ದಿತು. 1961ರಲ್ಲಿ ಬಂದ ಕರ್ನಾಟಕದ ನಿಗಮವೂ ಮುಂದೆ ಒಡೆಯಿತು. 1997ರಲ್ಲಿ ಹುಬ್ಬಳ್ಳಿ ಕೇಂದ್ರವಾದ ವಾಯವ್ಯ ನಿಗಮ ಬಂತು, 2000ದಲ್ಲಿ ಕಲಬುರಗಿಯದು. ಹೀಗಾಗಿ ಪುಣೆಗೆ ಬರುವ ಬೆಳಗಾವಿ ಬಸ್ಸಿನ ಲೆಕ್ಕ ಒಂದು ನಿಗಮದ್ದು, ವಿಜಯಪುರದ್ದು ಇನ್ನೊಂದರದ್ದು.

ಲೆಕ್ಕ ಹುಟ್ಟುವುದು ಕಂಡಕ್ಟರ್ ಕೈಯಲ್ಲಿ. ಯಾವ ಸ್ಟೇಜಿನಲ್ಲಿ ಎಷ್ಟು ಟಿಕೆಟ್ ಹೋಯಿತು ಎನ್ನುವುದು ಮೊದಲು ವೇಬಿಲ್‌ನಲ್ಲಿ, ಅಂದರೆ ಕಂಡಕ್ಟರ್‌ನ ಟ್ರಿಪ್ ಲೆಕ್ಕದ ಹಾಳೆಯಲ್ಲಿ, ಪೆನ್ನಿನಿಂದ ಬರೆದಿರುತ್ತಿತ್ತು, ಈಗ ಟಿಕೆಟ್ ಮಷೀನ್‌ನಲ್ಲಿ ಕೂತಿರುತ್ತದೆ. ಉದಾಹರಣೆಗೆ 50 ಸೀಟಿನ ಬಸ್ಸು ಪುಣೆಯಿಂದ ತುಂಬಿ ಹೊರಟಿತು ಅನ್ನಿ. ಸುಮಾರು 230 ಕಿ.ಮೀ. ದೂರದ ಕೊಲ್ಲಾಪುರದಲ್ಲಿ 20 ಜನ ಇಳಿದರು, ಯಾರೂ ಹತ್ತಲಿಲ್ಲ. ಉಳಿದ 110 ಕಿ.ಮೀ. ಬೆಳಗಾವಿವರೆಗೆ 30 ಜನ. ಆ ಟ್ರಿಪ್ಪಿನ ಲೋಡ್ ಫ್ಯಾಕ್ಟರ್, ಅಂದರೆ ಓಡಿದ ದೂರವೆಲ್ಲ ಸೇರಿ ಸೀಟು ಎಷ್ಟು ತುಂಬಿತ್ತು ಎನ್ನುವ ಲೆಕ್ಕ, ಸುಮಾರು ಶೇ. 87ಕ್ಕೆ ಇಳಿಯುತ್ತದೆ. ಪುಣೆಯ ಸ್ವಾರ್‌ಗೇಟ್ ಬಸ್ ನಿಲ್ದಾಣದಲ್ಲಿ ಸೀಟಿಲ್ಲದೆ ವಾಪಸ್ ಹೋದ ಬೆಳಗಾವಿಯ ಹತ್ತು ಜನ ಇದರಲ್ಲಿ ಎಲ್ಲೂ ಇಲ್ಲ. ಟಿಕೆಟ್ ತಗೊಳ್ಳದವರು ವೇಬಿಲ್‌ನಲ್ಲಿ ಹೇಗೆ ಬರಬೇಕು, ಅಲ್ವಾ?

ನನಗೆ ಇದೇ ದೊಡ್ಡ ಕೊರತೆ ಅನ್ನಿಸುತ್ತದೆ. 1967ರಲ್ಲಿ ಶುರುವಾದ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆ ಇಲ್ಲೇ ಪುಣೆಯ ಭೋಸರಿಯಲ್ಲಿದೆ. ದೇಶದ ಸಾರಿಗೆ ನಿಗಮಗಳ ಅಂಕಿಅಂಶ ಅಲ್ಲಿ ಸೇರುತ್ತದೆ. ಎಷ್ಟು ಬಸ್ಸು ರಸ್ತೆಯಲ್ಲಿದ್ದವು, ಲೀಟರ್ ಡೀಸೆಲ್‌ಗೆ ಎಷ್ಟು ಕಿ.ಮೀ. ಓಡಿದವು, ಎಷ್ಟು ಕೆಟ್ಟು ನಿಂತವು, ಒಂದು ಬಸ್ಸಿಗೆ ಎಷ್ಟು ಸಿಬ್ಬಂದಿ ಎಂದೆಲ್ಲ ಅಳೆಯುತ್ತಾರೆ. ಇವೆಲ್ಲ ಬೇಕು. ಆದರೆ ಇವೆಲ್ಲ ಓಡಿದ ಬಸ್ಸಿನ ಮಾತು.

ಈಚೆಗೆ ರಿಯಾಯಿತಿಗಳೂ ಸೇರಿಕೊಂಡಿವೆ. ಮಹಾರಾಷ್ಟ್ರದಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಎಸ್‌ಟಿ ಉಚಿತ, 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್. ಅದೇ ವರ್ಷ ಜೂನ್‌ನಲ್ಲಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಕರ್ನಾಟಕದ ಶಕ್ತಿ ಯೋಜನೆ ಬಂತು. ಇದರಿಂದ ಬಸ್ಸು ತುಂಬಿದವು, ಸಂತೋಷದ ವಿಷಯ. ಆದರೆ ತುಂಬಿದ ಬಸ್ಸು ಅಂದರೆ ಪೆಟ್ಟಿಗೆಯೂ ತುಂಬಿತು ಎಂದಲ್ಲ. ರಿಯಾಯಿತಿಯ ಬಾಬ್ತು ಸರ್ಕಾರ ಕೊಡಬೇಕಾದ ಹಣ ತಡವಾದರೆ ಡೀಸೆಲ್‌ಗೂ ಬಿಡಿಭಾಗಕ್ಕೂ ನಿಗಮ ಪರದಾಡಬೇಕಾಗುತ್ತದೆ. ಪುಣೆಯಿಂದ ಊರಿಗೆ ಹೋಗುವ ಹೆಂಗಸರಿಗಂತೂ ಸಿಗುವುದು ಅಷ್ಟಕ್ಕಷ್ಟೇ: ಶಕ್ತಿ ಅಂತರರಾಜ್ಯ ಪ್ರಯಾಣಕ್ಕಿಲ್ಲ, ಅರ್ಧ ಟಿಕೆಟ್ ಗಡಿಯವರೆಗೆ ಮಾತ್ರ.

ಗಡಿಯದೋ ಭಾಷೆಯದೋ ಜಗಳ ಬಂದರೆ ಇನ್ನೂ ಕಷ್ಟ. 2022ರ ಡಿಸೆಂಬರ್‌ನಲ್ಲೂ 2025ರ ಫೆಬ್ರುವರಿಯಲ್ಲೂ ಎರಡು ರಾಜ್ಯಗಳ ನಡುವಿನ ಬಸ್ ಸಂಚಾರ ನಿಂತಿತ್ತು. ಓಡದ ಬಸ್ಸಿಗೆ ಲೋಡ್ ಫ್ಯಾಕ್ಟರ್ ಇಲ್ಲ. ಕಾದು ನಿಂತವರ ಕಷ್ಟ, ರದ್ದಾದ ಕಿಲೋಮೀಟರ್ ಎನ್ನುವ ಒಂದು ಸಾಲಿನಲ್ಲಿ ಮುಗಿಯುತ್ತದೆ.

ಬುಕಿಂಗ್ ಈಗ ಆನ್‌ಲೈನ್ ಆಗಿದೆ. ಸೀಟು ಹುಡುಕಿ ಸಿಗದೆ ಹೋದವರು ಎಷ್ಟು ಎಂಬುದನ್ನು ನಿಗಮಗಳು ದಾಖಲಿಸಬಹುದು. ಶುಕ್ರವಾರ ರಾತ್ರಿ, ಭಾನುವಾರ ಸಂಜೆ, ದೀಪಾವಳಿ ವಾರದ ಲೆಕ್ಕ ಬೇರೆಯಾಗಿ ಇಡಬಹುದು. ಟ್ರಿಪ್ ಹೆಚ್ಚಿಸುವ ಮಾತುಕತೆಗೆ ಎರಡು ರಾಜ್ಯದ ಅಧಿಕಾರಿಗಳು ಕೂತಾಗ ವರ್ಷದ ಸರಾಸರಿಯ ಪಕ್ಕದಲ್ಲಿ ಆ ಹಾಳೆಯೂ ಮೇಜಿನ ಮೇಲಿರಬೇಕು.