ಗೊರಸು ಮುಂದಕ್ಕೂ ಬೆಳೆಯುತ್ತದೆ

ಗೊರಸು ಕೆಳಕ್ಕೆ ಬೆಳೆಯುತ್ತದೆ, ಬೆಳೆದಷ್ಟನ್ನು ಕತ್ತರಿಸಿದರೆ ಮುಗಿಯಿತು. ಕುದುರೆ ಸಾಕುವ ಬಹಳ ಮಂದಿಯ ಲೆಕ್ಕ ಇಷ್ಟೇ. ಇದು ಅರ್ಧ ಸತ್ಯ. ಉಳಿದರ್ಧ ತಿಳಿಯದೆ ಅರ ಹಿಡಿದವರು, ಚೆನ್ನಾಗಿಯೇ ನಡೆಯುತ್ತಿದ್ದ ಕುದುರೆಯನ್ನೂ ಕುಂಟಿಸಿಬಿಡಬಲ್ಲರು.

ಮುಂಗಾಲಿನ ಗೊರಸನ್ನು ಪಕ್ಕದಿಂದ ನೋಡಿ. ಅದರ ಮುಂದಿನ ಗೋಡೆ ನೆಟ್ಟಗಿಲ್ಲ, ನೆಲಕ್ಕೆ ಸುಮಾರು 50 ಡಿಗ್ರಿ ಓರೆಯಾಗಿದೆ. ರೋಮ ಮುಗಿದು ಗೊರಸು ಶುರುವಾಗುವ ಅಂಚಿನಲ್ಲಿ ಹುಟ್ಟುವ ಕೆರಾಟಿನ್ (ನಮ್ಮ ಉಗುರಿನಲ್ಲೂ ಇರುವ ಗಟ್ಟಿ ವಸ್ತು) ಕೊಳವೆಗಳು ತಿಂಗಳಿಗೆ 6ರಿಂದ 10 ಮಿ.ಮೀ.ನಂತೆ ಆ ಓರೆಯಲ್ಲೇ ಇಳಿಯುತ್ತವೆ. ಇನ್ನು ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ಸಾಕು. ಸವೆತವೇ ಇಲ್ಲದೆ ಗೋಡೆ 10 ಮಿ.ಮೀ. ಉದ್ದವಾದರೆ ಎತ್ತರ ಹೆಚ್ಚುವುದು ಏಳೂವರೆ ಮಿ.ಮೀ.ನಷ್ಟು; ತುದಿ ಮುಂದಕ್ಕೆ ಚಾಚುವುದು ಆರು ಮಿ.ಮೀ.ಗೂ ಹೆಚ್ಚು. ನಿಜವಾದ ಸ್ವಾರಸ್ಯ ಇರುವುದು ಹಿಮ್ಮಡಿಯಲ್ಲಿ. ಅಲ್ಲಿನ ಕೊಳವೆಗಳೂ ಹೆಚ್ಚುಕಡಿಮೆ ಇದೇ ಓರೆ ಹಿಡಿಯುವುದರಿಂದ, ಹಿಮ್ಮಡಿ ನೆಲ ಮುಟ್ಟುವ ಜಾಗವೂ ಮುಂದಕ್ಕೆ ಸರಿಯುತ್ತದೆ. ಕಾಲಿನ ಮೂಳೆ ಇದ್ದಲ್ಲೇ ಇದೆ, ಅದು ನಿಂತ ಪೀಠ ಮಾತ್ರ ಇಡಿಯಾಗಿ ಮುಂದೆ ಜಾರಿದೆ!

ಇದರ ಪರಿಣಾಮ ಹೆಜ್ಜೆ ಎತ್ತುವಾಗ ಗೊತ್ತಾಗುತ್ತದೆ. ಹಿಮ್ಮಡಿ ಮೇಲೆದ್ದು ಗೊರಸು ತುದಿಯ ಮೇಲೆ ಉರುಳಬೇಕು. ತುದಿ ಉದ್ದವಾದಷ್ಟೂ ಉರುಳುವುದು ತಡ, ಗೊರಸಿನ ಮೂಳೆಯನ್ನು ಹಿಂದಿನಿಂದ ಎಳೆಯುವ ಸ್ನಾಯುರಜ್ಜುವಿನ ಮೇಲೆ ಬಿಗಿತ ಹೆಚ್ಚು. ಜತೆಗೆ ಉದ್ದ ತುದಿ ಹಾರೆಯಂತೆ ಕೆಲಸಮಾಡಿ ಗೋಡೆಯನ್ನು ಮೂಳೆಯಿಂದ ಮೀಟುತ್ತದೆ. ಗೋಡೆ ಮತ್ತು ಮೂಳೆಯನ್ನು ಹಿಡಿದಿಟ್ಟಿರುವುದು ಒಂದರೊಳಗೊಂದು ಹೆಣೆದುಕೊಂಡ ತೆಳು ಎಸಳುಗಳು. ದೊಡ್ಡವೇ 550ರಿಂದ 600. ಅವುಗಳ ಒಂದೊಂದರ ಮೇಲೂ ನೂರೈವತ್ತಕ್ಕೂ ಮಿಕ್ಕ ಕಿರು ಎಸಳುಗಳು. ಕುದುರೆ ತನ್ನ ಅಂಗಾಲಿನ ಮೇಲೆ ನಿಂತಿದೆ ಅನ್ನುವುದಕ್ಕಿಂತ ಈ ಎಸಳುಗಳಿಂದ ಗೊರಸಿನೊಳಗೆ ನೇತಾಡುತ್ತಿದೆ ಅನ್ನುವುದೇ ಹೆಚ್ಚು ಸರಿ. ಅಂಗಾಲು ಮತ್ತು ಗೋಡೆ ಕೂಡುವಲ್ಲಿ ಕಾಣುವ ‘ಬಿಳಿ ಗೆರೆ’ ತುದಿಯಲ್ಲಿ ಅಗಲವಾಗಿದ್ದರೆ ಮೀಟುವಿಕೆ ನಡೆದಿದೆ ಎಂದೇ ತಿಳಿಯಬೇಕು.

ಲಾಳ ಹೊಡೆದ ಗೊರಸಿನಲ್ಲಿ ಈ ಜಾರುವಿಕೆಗೆ ತಡೆಯಿಲ್ಲ. ತುದಿ ಸವೆಯುವುದಿಲ್ಲ, ಹಿಮ್ಮಡಿ ಮಾತ್ರ ಕಬ್ಬಿಣಕ್ಕೆ ಉಜ್ಜಿ ಒಂದಿಷ್ಟು ಸವೆಯುತ್ತದೆ. ಎಂಟು ವಾರದಲ್ಲಿ ಗೊರಸಿನ ಕೋನ ಮೂರು ಡಿಗ್ರಿಯಷ್ಟು ಇಳಿಯುವುದುಂಟು. ಲಾಳವಿಲ್ಲದ ಗೊರಸನ್ನು ನೆಲವೇ ತೇಯುತ್ತದೆ. ಗ್ರೀಕರಿಗೆ ಮೊಳೆ ಹೊಡೆದ ಲಾಳ ಗೊತ್ತಿರಲಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕ್ಸೆನೊಫನ್ ಎಂಬ ದಂಡನಾಯಕ, ಲಾಯದ ಅಂಗಳಕ್ಕೆ ನಾಲ್ಕೈದು ಗಾಡಿ ಗುಂಡುಕಲ್ಲು ಸುರಿಸಿ ಅದರ ಮೇಲೆ ಕುದುರೆಯನ್ನು ನಿಲ್ಲಿಸಿ ಎಂದ. ಗೊರಸು ಗಟ್ಟಿಯಾಗಲಿ ಎಂಬುದು ಅವನ ಉದ್ದೇಶ. ಸೈನ್ಯ ನಡೆಸಿದವನಿಗೆ ಕುಂಟು ಕುದುರೆಯ ಬೆಲೆ ಗೊತ್ತಿದ್ದಿರಬೇಕು.

ಹಾಗಾಗಿ ಆರೋಗ್ಯವಾಗಿರುವ ಬರಿಗಾಲ ಕುದುರೆಯ ವಿಷಯದಲ್ಲಿ ಕೇಳಬೇಕಾದದ್ದು, ನೆಲ ತಾನೇ ತೇಯದೆ ಬಿಟ್ಟದ್ದೇನು ಎಂದು. ಗಟ್ಟಿ ನೆಲದಲ್ಲಿ ದಿನವಿಡೀ ಓಡಾಡುವ ಕುದುರೆಗೆ ಅಂಚು ದುಂಡಗೆ ಮಾಡಿದರೆ ಸಾಕಾಗಬಹುದು. ಮೆತ್ತನೆ ಹುಲ್ಲಿನಲ್ಲೇ ಇರುವುದಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಅರ ಬೇಕಾಗಬಹುದು.

ಕಾಲೆತ್ತುವ ಮೊದಲು ಗಟ್ಟಿ ನೆಲದ ಮೇಲೆ ನಡೆಸಿ ನೋಡಿ. ಹಿಮ್ಮಡಿ ಮೊದಲು ಊರಬೇಕು, ಇಲ್ಲವೇ ಇಡೀ ಗೊರಸು ಸಮವಾಗಿ ಇಳಿಯಬೇಕು. ಬರಿಗಣ್ಣನ್ನು ನಂಬಬೇಡಿ. ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲು ನೆಲ ಬಿಡುತ್ತವೆಯೇ ಎಂಬ ವಾದ ತೀರಲು 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್‌ನ ಸಾಲು ಕ್ಯಾಮೆರಾಗಳೇ ಬೇಕಾದವು. ನಿಮ್ಮ ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಸಾಕು.

ಆಮೇಲೆ ಅಡಿಭಾಗ. ಸುಣ್ಣದ ಪುಡಿಯಂತೆ ಉದುರುವ ಸತ್ತ ಪದರವನ್ನು ಕೆರೆಯಬಹುದು. ಅದರಡಿ ಮೇಣದ ಹೊಳಪಿನ ಪದರ ಕಂಡ ಕೂಡಲೇ ಚಾಕು ಕೆಳಗಿಡಿ. ನಡುವಿನ ತ್ರಿಕೋನಾಕಾರದ ಮೆತ್ತನೆ ಭಾಗ, ಅಂದರೆ ಫ್ರಾಗ್, ಅದರ ಎರಡೂ ಬದಿಯ ಕಣಿವೆ ಎಷ್ಟು ಆಳವಿದೆ ನೋಡಿ. ಆಳ ಕಡಿಮೆ ಎಂದರೆ ಅಂಗಾಲು ತೆಳುವಾಗಿರುವ ಸಾಧ್ಯತೆಯೇ ಹೆಚ್ಚು, ಅಲ್ಲಿಂದ ಒಂದು ಮಿ.ಮೀ. ಕೂಡ ತೆಗೆಯುವಂತಿಲ್ಲ. ಜೀವಂತ ಅಂಗಾಲಿನ ಮಟ್ಟಕ್ಕಿಂತ ಕೆಳಗೆ ಚಾಚಿರುವ ಗೋಡೆಯೇ ನಿಮ್ಮ ಪಾಲಿನದು. ಹಿಮ್ಮಡಿಯನ್ನು ಫ್ರಾಗ್‌ನ ಅತಿ ಅಗಲದ ಜಾಗದತ್ತ ಹಿಂದಕ್ಕೆ ತನ್ನಿ, ತುದಿಯ ಅಂಚನ್ನು ದುಂಡಗೆ ತೇಯ್ದು ಉರುಳುವ ಬಿಂದುವನ್ನು ಹಿಂದಕ್ಕೆಳೆಯಿರಿ. ಹಿಂದಕ್ಕೆ ಎಷ್ಟೆಂಬುದನ್ನು ಅಂಗಾಲು ಹೇಳುತ್ತದೆ.

ಕೋನಮಾಪಕ ಹಿಡಿದು ಎಲ್ಲ ಮುಂಗಾಲಿಗೂ 45 ಡಿಗ್ರಿ ಕೊಡಿ ಎನ್ನುವ ಹಳೆಯ ಪಾಠ ಮಾತ್ರ ನನಗೆ ಸಿಟ್ಟು ತರಿಸುತ್ತದೆ. ಪ್ರತಿ ಕುದುರೆಯ ಕಾಲಿನ ಓರೆ ಬೇರೆ. ಗೊರಸು ತನ್ನ ಮೇಲಿನ ಕಾಲಿನ ಓರೆಯೊಂದಿಗೆ ಹೊಂದಿದರೆ ಸಾಕು. ಎಡಬಲ ಗೊರಸುಗಳು ಅಚ್ಚು ಹಾಕಿದಂತಿರಬೇಕೆಂಬ ಹಟವೂ ಹಾಗೆಯೇ. ಚೆನ್ನಾಗಿ ನಡೆಯುವ ಎಷ್ಟೋ ಕುದುರೆಗಳಲ್ಲಿ ಒಂದು ಗೊರಸು ತುಸು ನೆಟ್ಟಗಿರುತ್ತದೆ. ಬಿಳಿ ಗೊರಸು ಕಪ್ಪಿಗಿಂತ ಮೆದು ಎಂಬುದಕ್ಕೂ ಆಧಾರವಿಲ್ಲ, ಅದು ಬರೀ ಬಣ್ಣದ ವ್ಯತ್ಯಾಸ.

ಮುಗಿದ ಮೇಲೆ ಅದೇ ನೆಲದ ಮೇಲೆ ಮತ್ತೆ ನಡೆಸಿ, ಮೊದಲಿನ ವಿಡಿಯೋ ಪಕ್ಕದಲ್ಲಿಟ್ಟು ನೋಡಿ. ಹೆಜ್ಜೆ ಮೊದಲಿಗಿಂತ ಕಿರಿದಾಗಿದ್ದರೆ ಹೆಚ್ಚು ತೆಗೆದಿದ್ದೀರಿ. ತೆಗೆದದ್ದನ್ನು ಅಂಟಿಸಲು ಬರುವುದಿಲ್ಲ. ಅಂಗಾಲು ದಪ್ಪವಾಗುವವರೆಗೆ ವಾರಗಟ್ಟಲೆ ಮೆತ್ತನೆ ನೆಲ ಅಥವಾ ಗೊರಸಿನ ಬೂಟು ಬೇಕು.