ಪತ್ರಿಕೋದ್ಯಮ ಕಲಿಯುವವರಿಗೆ ಹಣ: ಕೊಟ್ಟವರು ಎಷ್ಟು ದೂರ ನಿಲ್ಲಬೇಕು?

ಪತ್ರಿಕೋದ್ಯಮ ಕಾಲೇಜುಗಳು ಹುಟ್ಟುವ ಮೊದಲೇ ಪತ್ರಿಕೋದ್ಯಮದ ವಿದ್ಯಾರ್ಥಿವೇತನ ಹುಟ್ಟಿತ್ತು. 1869ರಲ್ಲಿ ಅಮೆರಿಕದ ವರ್ಜೀನಿಯಾದ ವಾಷಿಂಗ್ಟನ್ ಕಾಲೇಜಿಗೆ ರಾಬರ್ಟ್ ಇ. ಲೀ ಅಧ್ಯಕ್ಷರಾಗಿದ್ದರು. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಸೇನಾಪತಿ ಇವರೇ. ಮುದ್ರಣ, ಪತ್ರಿಕೋದ್ಯಮವನ್ನೇ ಕಸುಬು ಮಾಡಿಕೊಳ್ಳುವ 50 ಯುವಕರಿಗೆ ಶುಲ್ಕ ಮಾಫಿ ಮಾಡೋಣ ಎಂದು ಅವರು ಆಡಳಿತ ಮಂಡಳಿಗೆ ಸೂಚಿಸಿದರು. ಬದಲಿಗೆ ಆ ಹುಡುಗರು ದಿನಕ್ಕೆ ಒಂದು ಗಂಟೆ ಅದೇ ಕಸುಬಿನ ಕೆಲಸ ಮಾಡಬೇಕಿತ್ತು. ಪುಸ್ತಕ ಹಿಡಿದ ಕೈಯಲ್ಲೇ ಅಚ್ಚುಮೊಳೆ ಜೋಡಿಸಬೇಕು, ಅಷ್ಟೇ. ಪತ್ರಕರ್ತನಾಗೋಕೆ ಕಾಲೇಜು ಯಾಕೆ ಎಂದು ಆಗಿನ ಎಷ್ಟೋ ಸಂಪಾದಕರು ನಕ್ಕರು. 50ರ ಹತ್ತಿರಕ್ಕೂ ಹುಡುಗರು ಬರಲಿಲ್ಲ. ಲೀ 1870ರಲ್ಲಿ ತೀರಿಕೊಂಡರು. 1878ರ ಹೊತ್ತಿಗೆ ಯೋಜನೆಯೂ ನಿಂತಿತು. ಇನ್ನೊಂದು ಮಾತು ಹೇಳಲೇಬೇಕು. ಯುವಕರು ಎಂದರೆ ಅಲ್ಲಿ ಬಿಳಿಯ ಹುಡುಗರು ಮಾತ್ರ.

ದಾನಿಯ ದೊಡ್ಡ ಹಣ ಈ ಕ್ಷೇತ್ರಕ್ಕೆ ಬಂದದ್ದು ಜೋಸೆಫ್ ಪುಲಿಟ್ಜರ್ ಅವರಿಂದ. ಹಂಗೇರಿಯಿಂದ ಬರಿಗೈಯಲ್ಲಿ ಬಂದು ಪತ್ರಿಕೆಗಳ ಒಡೆಯರಾದವರು. ಪತ್ರಿಕೋದ್ಯಮ ಶಾಲೆ ತೆರೆಯಲು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 20 ಲಕ್ಷ ಡಾಲರ್ ಕೊಡುವುದಾಗಿ 1903ರಲ್ಲಿ ಒಪ್ಪಿದರು. ಆಮೇಲೆ ಶುರುವಾಯಿತು ಜಟಾಪಟಿ. ಸಲಹಾ ಮಂಡಳಿಯಲ್ಲಿ ಯಾರಿರಬೇಕು ಎಂಬುದಕ್ಕೆ ಅವರಿಗೂ ವಿಶ್ವವಿದ್ಯಾಲಯದ ಅಧ್ಯಕ್ಷ ನಿಕೊಲಸ್ ಮರ್ರೆ ಬಟ್ಲರ್ ಅವರಿಗೂ ಹೊಂದಲೇ ಇಲ್ಲ. ಕೊನೆಗೆ, ತಾವು ಸತ್ತ ಮೇಲೇ ಶಾಲೆ ತೆರೆಯಲಿ ಎಂದುಬಿಟ್ಟರು ಪುಲಿಟ್ಜರ್. ಹಾಗೇ ಆಯಿತು. 1911ರಲ್ಲಿ ಅವರು ತೀರಿಕೊಂಡರು, 1912ರಲ್ಲಿ ಶಾಲೆ ಬಾಗಿಲು ತೆರೆಯಿತು. ಅವರ ಉಯಿಲಿನಲ್ಲಿದ್ದ ಬಹುಮಾನಗಳು ಇವತ್ತು ಎಲ್ಲರಿಗೂ ಗೊತ್ತು. ಅದೇ ಉಯಿಲಿನಲ್ಲಿ ಪ್ರವಾಸ ಮಾಡಿ ಕಲಿಯಲು ವಿದ್ಯಾರ್ಥಿವೇತನಗಳೂ ಇದ್ದವು. ಅವು ಮಾತ್ರ ಹೆಚ್ಚಿನವರ ನೆನಪಿನಲ್ಲಿಲ್ಲ.

ಆಗ್ನೆಸ್ ವಾಲ್ ನೀಮನ್ ಅವರದು ತೀರಾ ಬೇರೆ ಕತೆ. ಅವರ ಗಂಡ ಲೂಸಿಯಸ್ ನೀಮನ್ 'ಮಿಲ್ವಾಕಿ ಜರ್ನಲ್' ಪತ್ರಿಕೆ ಕಟ್ಟಿದವರು. ಗಂಡನ ನೆನಪಿಗಾಗಿ ಆಕೆ ಹಾರ್ವರ್ಡ್‌ಗೆ 10 ಲಕ್ಷ ಡಾಲರ್‌ಗೂ ಜಾಸ್ತಿ ಬಿಟ್ಟುಹೋದರು. ಪತ್ರಿಕೋದ್ಯಮದ ಮಟ್ಟ ಏರಬೇಕು, ಅದಕ್ಕೆ ತಕ್ಕವರಿಗೆ ಶಿಕ್ಷಣ ಸಿಗಬೇಕು. ಆಕೆ ಬರೆದದ್ದು ಹೆಚ್ಚುಕಡಿಮೆ ಇಷ್ಟೇ. ಹೇಗೆ, ಯಾರಿಗೆ, ಎಷ್ಟು ಎಂಬ ಕಟ್ಟುಪಾಡು ಇರಲಿಲ್ಲ. ಹಾಗಾಗಿ ಹಾರ್ವರ್ಡ್ ಅಧ್ಯಕ್ಷ ಜೇಮ್ಸ್ ಕಾನಂಟ್ ಹೊಸ ಶಾಲೆ ಕಟ್ಟಲಿಲ್ಲ. ಕೆಲಸದಲ್ಲಿದ್ದ ಪತ್ರಕರ್ತರನ್ನೇ ಒಂದು ವರ್ಷ ಕರೆಸಿ, ಬೇಕಾದ್ದನ್ನು ಓದಿಕೊಳ್ಳಿ ಎಂದರು. 1938ರಲ್ಲಿ ಒಂಬತ್ತು ಮಂದಿ ಬಂದರು. ಆ ಫೆಲೋಶಿಪ್ ಇವತ್ತಿಗೂ ನಡೆಯುತ್ತಿದೆ. ಆಗ್ನೆಸ್ ಅಷ್ಟು ಜಾಗ ಬಿಟ್ಟಿದ್ದಕ್ಕೇ ಅದು ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಉಳಿಯಿತು ಎಂದು ನನಗನ್ನಿಸುತ್ತದೆ.

1958ರಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಬಳಗದವರು ನ್ಯೂಸ್‌ಪೇಪರ್ ಫಂಡ್ ಶುರು ಮಾಡಿದರು. ಒಳ್ಳೆಯ ಹುಡುಗರು ಈ ಕಡೆ ಬರುತ್ತಿಲ್ಲ ಎಂಬ ಚಿಂತೆ ಅವರದು. ಹತ್ತು ವರ್ಷ ಕಳೆದ ಮೇಲೆ, ನಗರಗಳ ಜನಾಂಗೀಯ ಗಲಭೆಗಳ ಕಾರಣ ಹುಡುಕಲು ಅಮೆರಿಕ ಸರ್ಕಾರ ನೇಮಿಸಿದ್ದ ಕರ್ನರ್ ಆಯೋಗ ಅದಕ್ಕಿಂತ ಕಹಿಯಾದ ಮಾತು ಹೇಳಿತು. 1968ರ ಅದರ ವರದಿಯ ಪ್ರಕಾರ ಸುದ್ದಿಮನೆಯ ಸಂಪಾದಕೀಯ ಕೆಲಸಗಳಲ್ಲಿ ಕಪ್ಪುಜನರು ಶೇ. 5ಕ್ಕಿಂತ ಕಡಿಮೆ. ನಗರಗಳು ಹೊತ್ತಿ ಉರಿದಾಗ ಆ ಬೀದಿಗಳ ಬಗ್ಗೆ ಬರೆಯುವವರಿಗೆ ಆ ಬೀದಿಗಳೇ ಗೊತ್ತಿರಲಿಲ್ಲ. ಅದೇ ವರ್ಷ ಕೊಲಂಬಿಯಾದಲ್ಲಿ ಅಲ್ಪಸಂಖ್ಯಾತರಿಗಾಗಿ ಬೇಸಿಗೆ ತರಬೇತಿ ಶುರುವಾಯಿತು. ಬ್ರಿಟನ್ನಿನಲ್ಲಿ 2005ರಲ್ಲಿ ಬಂದ ಜರ್ನಲಿಸಂ ಡೈವರ್ಸಿಟಿ ಫಂಡ್ ಕೂಡ ಇದೇ ಜಾಡಿನದು. ಯಾರು ಚೆನ್ನಾಗಿ ಬರೆಯುತ್ತಾರೆ ಎಂಬ ಪ್ರಶ್ನೆಯ ಪಕ್ಕದಲ್ಲಿ ಯಾರು ಇಲ್ಲಿಗೆ ಬರಲೇ ಆಗುತ್ತಿಲ್ಲ ಎಂಬ ಪ್ರಶ್ನೆಯೂ ಬಂದು ಕೂತಿತು.

ಇನ್ನು ಹಣದ ಲೆಕ್ಕ. ಸಾಮಾನ್ಯವಾಗಿ ದಾನಿಯ ಹಣವನ್ನು ಇಡುಗಂಟಾಗಿ ಇಡುತ್ತಾರೆ. ವರ್ಷಕ್ಕೆ ಅದರಲ್ಲಿ ಶೇ. 4ರಿಂದ 5ರಷ್ಟು ಮಾತ್ರ ಖರ್ಚು ಮಾಡುತ್ತಾರೆ, ಗಂಟು ಕರಗಬಾರದಲ್ವಾ. ಆದ್ದರಿಂದ ದೊಡ್ಡದಾಗಿ ಕಾಣುವ ದಾನದಿಂದ ಓದುವವರು ಒಬ್ಬರೋ ಇಬ್ಬರೋ. ಅದರ ಮೇಲೆ ಷರತ್ತುಗಳು. ಇಂಥ ಊರಿನವರು, ಇಂಥ ವಿಷಯ, ಇಷ್ಟೇ ಅಂಕ ಎಂದು ಬಿಗಿ ಮಾಡಿದಷ್ಟೂ, ತಕ್ಕ ವಿದ್ಯಾರ್ಥಿ ಸಿಗದೆ ಹಣ ಸುಮ್ನೆ ಕೂತಿರುತ್ತದೆ. ಆಯ್ಕೆಯಲ್ಲೂ ದಾನಿ ಕೈ ಹಾಕಬಾರದು. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಬೇಕಿದ್ದರೆ ದಾನಿ ಇವನಿಗೇ ಕೊಡಿ ಎಂದು ಬೆರಳು ತೋರಿಸುವಂತಿಲ್ಲ. ಪತ್ರಿಕೋದ್ಯಮದಲ್ಲಿ ಈ ದೂರ ಇನ್ನೂ ಮುಖ್ಯ. ನಾಳೆ ಆ ದಾನಿಯ ಕಂಪನಿಯ ಬಗ್ಗೆಯೇ ಈ ಹುಡುಗಿ ವರದಿ ಬರೆಯಬೇಕಾಗಬಹುದು. ಆಗ ಅವಳ ಕೈ ನಡುಗಬಾರದು.

ಇನ್ನೊಂದು ತೊಡಕು ಹೊರಗಿನವರಿಗೆ ಕಾಣುವುದೇ ಇಲ್ಲ. ಹೊರಗಿನ ವಿದ್ಯಾರ್ಥಿವೇತನ ಬಂತೆಂದರೆ ಕೆಲವು ಕಾಲೇಜುಗಳು ತಾವು ಕೊಡುತ್ತಿದ್ದ ನೆರವನ್ನು ಅಷ್ಟೇ ಕಡಿಮೆ ಮಾಡುತ್ತವೆ. ಉಳಿತಾಯ ಕಾಲೇಜಿನದು, ವಿದ್ಯಾರ್ಥಿಯ ಕೈಗೆ ಏನೂ ಇಲ್ಲ. ಇದಕ್ಕೆ ಕಡಿವಾಣ ಹಾಕಲು ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ಕಾನೂನನ್ನೇ ತಂದಿತು.

ಶುಲ್ಕವೇ ಬೇಡ ಎನ್ನುವ ದಾರಿಯೂ ಇದೆ. ನ್ಯೂಯಾರ್ಕಿನ ಸಾರ್ವಜನಿಕ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಗೆ, ಕ್ರೇಗ್ಸ್‌ಲಿಸ್ಟ್ ಎಂಬ ಜಾಹೀರಾತು ಜಾಲತಾಣ ಕಟ್ಟಿದ ಕ್ರೇಗ್ ನ್ಯೂಮಾರ್ಕ್ 2018ರಲ್ಲಿ 2 ಕೋಟಿ ಡಾಲರ್ ಕೊಟ್ಟಿದ್ದರು. 2024ರಲ್ಲಿ ಮತ್ತೆ 1 ಕೋಟಿ ಕೊಟ್ಟರು, ಶಾಲೆಯನ್ನು ಹಂತಹಂತವಾಗಿ ಶುಲ್ಕರಹಿತ ಮಾಡಲಿಕ್ಕೆ. ತುಂಬಾ ಒಳ್ಳೆಯ ಹೆಜ್ಜೆ. ಆದರೆ ಬಾಡಿಗೆ, ಊಟ, ಓಡಾಟ ಉಳಿದೇ ಇರುತ್ತವೆ. ಸಂಬಳವಿಲ್ಲದ ಇಂಟರ್ನ್‌ಶಿಪ್ಪಿಗೆ ಹೋಗುವ ತಿಂಗಳುಗಳಲ್ಲಂತೂ ಇವೇ ದೊಡ್ಡ ಹೊರೆ.

ನಾನೂ ಒಂದು ಆಯ್ಕೆ ಸಮಿತಿಯಲ್ಲಿ ಕೂತು ಅರ್ಜಿ ಓದಿದ್ದೇನೆ. ಒಬ್ಬಳು ಖರ್ಚಿನ ಪಟ್ಟಿಯನ್ನು ಅಚ್ಚುಕಟ್ಟಾಗಿ ಗೆರೆ ಎಳೆದು ಬರೆದಿದ್ದಳು. ಓಡಾಟದ ಮುಂದೆ ಸೊನ್ನೆ. ಕೇಳಿದ್ದಕ್ಕೆ, ನಡೆದೇ ಹೋಗ್ತೀನಿ ಎಂದಳು. ಬರೆಯೋದು ಯಾವಾಗ ಎಂದರೆ, ರಾತ್ರಿ ಪಾಳಿ ಮುಗಿದ ಮೇಲೆ ಎಂದಳು. ಅವಳನ್ನು ಆರಿಸಿದೆವು, ಪತ್ರವನ್ನೂ ಕಳಿಸಿದೆವು. ಹಣ ತಲುಪಿದ್ದು ತರಗತಿ ಶುರುವಾಗಿ ಮೂರನೇ ತಿಂಗಳಿಗೆ. ಅಷ್ಟರಲ್ಲಿ ಅವಳು ಸಾಲ ಮಾಡಿ ಶುಲ್ಕ ಕಟ್ಟಿದ್ದಳು. ಪಾಳಿಯನ್ನೂ ಬಿಟ್ಟಿರಲಿಲ್ಲ. ಮುಂದಿನ ವರ್ಷ ನಾವು ಒಂದೇ ಒಂದು ನಿಯಮ ಬದಲಿಸಿದೆವು. ಆಯ್ಕೆ ಪತ್ರ ಹೋಗುವ ದಿನವೇ ಮೊದಲ ಕಂತೂ ಹೋಗಬೇಕು.